ಊರು ಬಿಟ್ಟವರು ಬರೆದ ಊರು

ಕುಮಟಾದ ಬಾಡದಿಂದ ಉತ್ತರಕ್ಕೆ ಹೊರಟರೆ ಅಘನಾಶಿನಿ ನದಿ ಅಡ್ಡ ಬರುತ್ತದೆ. ಅದನ್ನು ದಾಟಿ ತದಡಿಯಲ್ಲಿ ಇಳಿದರೆ ಗೋಕರ್ಣ ದೂರವಿಲ್ಲ. ಅದರ ನೆರೆಯಲ್ಲೇ ಹನೇಹಳ್ಳಿ. 1928ರಲ್ಲಿ ಯಶವಂತ ಚಿತ್ತಾಲರು ಹುಟ್ಟಿದ ಊರು. ಕನ್ನಡ ಓದುಗರಿಗೆ ಈ ಹಳ್ಳಿ ಪರಿಚಯವಾದದ್ದು ಅವರ ಕತೆಗಳಿಂದ. ಆದರೆ ಚಿತ್ತಾಲರು ಬದುಕಿದ್ದು ಮುಂಬಯಿಯಲ್ಲಿ, ಬೇಕಲೈಟ್ ಕಂಪನಿಯ ನೌಕರಿಯಲ್ಲಿ ಎಂಬುದನ್ನು ನಾವು ಮರೆಯುತ್ತೇವೆ. ಹನೇಹಳ್ಳಿಯನ್ನು ಕಟ್ಟಿದ ಅದೇ ಲೇಖನಿ 1979ರಲ್ಲಿ 'ಶಿಕಾರಿ'ಯನ್ನು ಬರೆಯಿತು. ಅಲ್ಲಿ ನಾಗಪ್ಪ ನಗರದ ಕಂಪನಿಯೊಂದರ ಒಳಸಂಚಿಗೆ ಸಿಕ್ಕಿ ನಲುಗುತ್ತಾನೆ.

ಇದು ನಮ್ಮ ಕರಾವಳಿಗೆ ಮಾತ್ರ ಸೇರಿದ ಸಂಗತಿಯಲ್ಲ. ಸಮುದ್ರದಾಚೆಯ ಸ್ಪ್ಯಾನಿಷ್ ಸಾಹಿತ್ಯದ ಚರಿತ್ರೆಯಲ್ಲೂ ಇದೇ ಹಾದಿ ಕಾಣುತ್ತದೆ. 1845ರಲ್ಲಿ ಅರ್ಜೆಂಟೀನದ ಸಾರ್ಮಿಯೆಂಟೊ 'ಫಕುಂಡೊ' ಬರೆದು, ನಗರವೆಂದರೆ ನಾಗರಿಕತೆ, ಹುಲ್ಲುಗಾವಲಿನ ಬಯಲೆಂದರೆ ಅನಾಗರಿಕತೆ ಎಂದು ಗೆರೆ ಎಳೆದರು. 1872ರಲ್ಲಿ ಹೊಸೆ ಹೆರ್ನಾಂಡೆಸ್ 'ಮಾರ್ಟಿನ್ ಫಿಯೆರೊ' ಕಾವ್ಯದಲ್ಲಿ ಅದೇ ಬಯಲಿನ ದನಗಾಹಿಯನ್ನು ಮಾತನಾಡಿಸಿದರು. ಅವನನ್ನು ಬಲವಂತದಿಂದ ಗಡಿ ಕಾಯಲು ಎಳೆದೊಯ್ದದ್ದು ಆ 'ನಾಗರಿಕ' ಸರಕಾರವೇ.

ಮೆಕ್ಸಿಕೊದ ಹುವಾನ್ ರುಲ್ಫೊ ಟಯರು ಕಂಪನಿಯೊಂದರಲ್ಲಿ ದುಡಿದವರು. 1955ರಲ್ಲಿ ಬಂದ ಅವರ 'ಪೆದ್ರೊ ಪಾರಮೊ'ದಲ್ಲಿ ತಂದೆಯನ್ನು ಹುಡುಕಿಕೊಂಡು ಕೋಮಲಾಕ್ಕೆ ಹೋದ ಮಗನಿಗೆ ಸತ್ತವರ ದನಿಗಳಷ್ಟೇ ಕೇಳಿಸುತ್ತವೆ. ಕೊಲಂಬಿಯಾದ ಗಾರ್ಸಿಯಾ ಮಾರ್ಕ್ವೆಜ್ ತಾನು ಹುಟ್ಟಿದ ಅರಕಟಾಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮಕೊಂಡೊ ಎಂಬ ಊರನ್ನು ಸೃಷ್ಟಿಸಿದರು. ಆ ಕಾದಂಬರಿಯನ್ನು ಬರೆದದ್ದು ಮೆಕ್ಸಿಕೊ ನಗರದಲ್ಲಿ; 1967ರಲ್ಲಿ ಅಚ್ಚಾದದ್ದು ಬ್ಯೂನಸ್ ಐರಿಸ್‌ನಲ್ಲಿ. ಹಳ್ಳಿಯನ್ನು ಪೂರ್ತಿ ಕಾಣಲು ಅದನ್ನು ಒಮ್ಮೆ ಕಳೆದುಕೊಳ್ಳಬೇಕೇನೋ!

ಹಾಗಿದ್ದರೆ ನಮ್ಮದೇನು? ಪುತ್ತೂರಿನ ಕಡೆಯ ಬೊಳುವಾರು ಮಹಮದ್ ಕುಂಞಿ ಕನ್ನಡಕ್ಕೆ ಮುತ್ತುಪ್ಪಾಡಿಯನ್ನು ಕೊಟ್ಟರು. ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದು ಕಾಸರಗೋಡು ಕಡೆಯ ಮುಸ್ಲಿಂ ಹೆಣ್ಣಿನ ನೋವನ್ನು ನಮ್ಮ ಮುಂದಿಟ್ಟರು. ಆದರೆ ಭಟ್ಕಳ? ಅಲ್ಲಿಯ ನವಾಯತರು ವ್ಯಾಪಾರಕ್ಕೆ, ನೌಕರಿಗೆ ಮುಂಬಯಿ, ಚೆನ್ನೈ, ದುಬೈ ಸೇರಿದವರು. ಊರು ಬಿಟ್ಟ ಅನುಭವ ನಮ್ಮಲ್ಲಿ ಧಾರಾಳವಾಗಿದೆ. ಆದರೆ ಮನೆಯಲ್ಲಿ ನವಾಯತಿ, ಮದ್ರಸದಲ್ಲಿ ಉರ್ದು, ಕಚೇರಿಯಲ್ಲಿ ಕನ್ನಡ. ಹೀಗೆ ಮೂರು ಪಾಲಾದ ಮಾತಿನಲ್ಲಿ ಕನ್ನಡಕ್ಕೆ ಬಂದದ್ದು ಅರ್ಜಿ, ರಶೀದಿಗಳೇ ಹೆಚ್ಚು, ಕತೆ ಕಡಿಮೆ.

ನಮ್ಮ ಊರನ್ನು ನಾವು ಬರೆಯದಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಪತ್ರಿಕೆಯ ತಲೆಬರಹಗಳು ಅದನ್ನು ತುಂಬುತ್ತವೆ. ಸಾರ್ಮಿಯೆಂಟೊ ಎಳೆದ ಗೆರೆಯಂಥದ್ದೇ ಗೆರೆ ಭಟ್ಕಳದ ಸುತ್ತಲೂ ಬಿದ್ದಿದೆ. ಅದನ್ನು ವಾದದಿಂದ ಅಳಿಸುವುದು ಕಷ್ಟ. ಗಂಡ ಗಲ್ಫಿನಲ್ಲಿರುವ ಮನೆಯ ಒಂದು ಸಂಜೆಯನ್ನು, ಬಂದರಿನಲ್ಲಿ ಮೀನಿಗೆ ನಡೆಯುವ ಚೌಕಾಸಿಯನ್ನು ಕನ್ನಡದಲ್ಲಿ ಪ್ರಾಮಾಣಿಕವಾಗಿ ಬರೆದರೆ ಅದು ತುಸುವಾದರೂ ಮಾಸೀತು. ಹನೇಹಳ್ಳಿಯನ್ನು ತನ್ನದೆಂದುಕೊಂಡ ಕನ್ನಡದ ಓದುಗ ನಮ್ಮ ಓಣಿಗೂ ಬಂದಾನು. ಮೊದಲು ನಾವು ಬಾಗಿಲು ತೆರೆಯಬೇಕಷ್ಟೆ.