ವರನ ದೇಶ, ವಧುವಿನ ದೇಶ

ಸಂಬಂಧ ಬೆಳೆಸುವಾಗ ನಮ್ಮ ಹಿರಿಯರು ಮನೆತನ ನೋಡುತ್ತಿದ್ದರು, ಗೋತ್ರ ಕೇಳುತ್ತಿದ್ದರು, ಊರು ಎಷ್ಟು ದೂರ ಎಂದು ವಿಚಾರಿಸುತ್ತಿದ್ದರು. ಗದುಗಿನ ಹುಡುಗಿಯನ್ನು ಪುಣೆಗೆ ಕೊಡುವುದೇ ದೂರವೆನಿಸುತ್ತಿದ್ದ ಕಾಲವೊಂದಿತ್ತು. ಈಗ ಹಿಂಜವಡಿಯ ಕಚೇರಿಯಲ್ಲಿ ದುಡಿಯುವ ನಮ್ಮ ಮಕ್ಕಳು ಕೆಲಸಕ್ಕೆಂದು ಪರದೇಶಕ್ಕೆ ಹೋಗುತ್ತಾರೆ, ಅಲ್ಲಿಯವರನ್ನೇ ಮೆಚ್ಚಿ ಮನೆಗೆ ಕಾಗದ ಹಾಕುತ್ತಾರೆ, ಅಂದರೆ ಫೋನು ಮಾಡುತ್ತಾರೆ. ಆಗ ಕೇಳಬೇಕಾದ ಪ್ರಶ್ನೆ ಗೋತ್ರದ್ದಲ್ಲ, ಪಾಸ್‌ಪೋರ್ಟಿನದು. ಮದುವೆ ಎಲ್ಲಿ ಮಾಡಬೇಕು? ಯಾವ ಕಾಯಿದೆಯ ಕೆಳಗೆ? ಯಾರು ಯಾರ ದೇಶಕ್ಕೆ ಹೋಗಿ ನೆಲಸಬೇಕು? ಮಕ್ಕಳು ಯಾವ ದೇಶದವರು?

ಈ ಪ್ರಶ್ನೆಗಳು ಹೊಸವು ಎಂದು ನಾವು ಭಾವಿಸುವುದುಂಟು. ಆದರೆ ನಾವಿರುವ ಈ ಪುಣೆಯಲ್ಲಿಯೇ ನೂರು ವರ್ಷಗಳ ಹಿಂದೆ ಇವು ಎದ್ದಿದ್ದವು. ಅಂದಿನ ಉತ್ತರ ಬಹು ಸರಳವಾಗಿತ್ತು: ಹೆಂಡತಿಯ ಗೋತ್ರ ಗಂಡನ ಗೋತ್ರವಾಗುವಂತೆ ಹೆಂಡತಿಯ ದೇಶವೂ ಗಂಡನ ದೇಶವಾಗುತ್ತಿತ್ತು. ಇದನ್ನು ನಮ್ಮ ಶಾಸ್ತ್ರಿಗಳು ಹೇಳಲಿಲ್ಲ, ಲಂಡನ್ನಿನ ಪಾರ್ಲಿಮೆಂಟು ಹೇಳಿತು.

ಮಹಾರಾಷ್ಟ್ರೀಯ ಜ್ಞಾನಕೋಶದ ಸಂಪಾದಕರಾದ ಡಾ. ಶ್ರೀಧರ ವ್ಯಂಕಟೇಶ ಕೇತಕರರ ಹೆಸರನ್ನು ಪುಣೆಯಲ್ಲಿ ಕೇಳದವರು ಕಡಿಮೆ. 1884ರಲ್ಲಿ ರಾಯಪುರದಲ್ಲಿ ಹುಟ್ಟಿದ ಅವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜಾತಿಪದ್ಧತಿಯ ಇತಿಹಾಸವನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಹಿಂದಿರುಗುವ ದಾರಿಯಲ್ಲಿ ಲಂಡನ್ನಿನಲ್ಲಿ ಕೆಲಕಾಲ ನಿಂತಾಗ ಈಡಿತ್ ಕೋನ್ ಎಂಬ ಜರ್ಮನ್ ಯಹೂದಿ ಮನೆತನದ ತರುಣಿಯ ಪರಿಚಯವಾಯಿತು. ನಡುವೆ ಮಹಾಯುದ್ಧ ಬಂತು. ಇಬ್ಬರ ಮದುವೆಯಾದದ್ದು 1920ರಲ್ಲಿ.

ಆ ಕಾಲದ ಕಾಯಿದೆಯನ್ನು ನೋಡಿದರೆ ಅವರ ಮುಂದಿದ್ದ ದಾರಿಗಳು ಎರಡೇ. 1872ರ ವಿಶೇಷ ವಿವಾಹ ಕಾಯಿದೆಯಂತೆ ರಿಜಿಸ್ಟರ್ ಮದುವೆ ಮಾಡಿಕೊಳ್ಳಬಹುದಿತ್ತು. ಆದರೆ ಅದಕ್ಕೆ ವಧೂವರರಿಬ್ಬರೂ ತಾವು ಹಿಂದೂ, ಕ್ರೈಸ್ತ, ಯಹೂದಿ, ಮುಸಲ್ಮಾನ ಮುಂತಾದ ಯಾವ ಧರ್ಮಕ್ಕೂ ಸೇರಿದವರಲ್ಲ ಎಂದು ಬರೆದುಕೊಡಬೇಕಾಗಿತ್ತು. ಮದುವೆಯ ಮುಹೂರ್ತಕ್ಕೆ ಮೊದಲು ಧರ್ಮಕ್ಕೆ ಎಳ್ಳುನೀರು ಬಿಡುವುದು ಎಲ್ಲರಿಗೂ ಒಪ್ಪುವ ಮಾತಲ್ಲ. ಇನ್ನೊಂದು ದಾರಿ, ವಧು ಹಿಂದೂ ಆಗುವುದು. ಕೇತಕರರು ಹಿಡಿದದ್ದು ಈ ದಾರಿ. ವ್ರಾತ್ಯಸ್ತೋಮ ಎಂಬ ಪ್ರಾಚೀನ ವಿಧಿಯಿಂದ ಈಡಿತ್‌ರನ್ನು ಧರ್ಮಕ್ಕೆ ಸೇರಿಸಿಕೊಂಡು ಮದುವೆಯಾದರು. ಈಡಿತ್ ಶೀಲವತಿಯಾದರು. ವಿಂಟರ್ನಿಟ್ಸ್ ಪಂಡಿತರು ಜರ್ಮನ್ ಭಾಷೆಯಲ್ಲಿ ಬರೆದ ಭಾರತೀಯ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿಗೆ ತಂದ ‘ಶ್ರೀಮತಿ ಎಸ್. ಕೇತಕರ್’ ಇವರೇ. ಕಲಕತ್ತಾ ವಿಶ್ವವಿದ್ಯಾಲಯ ಅದರ ಮೊದಲ ಸಂಪುಟವನ್ನು 1927ರಲ್ಲಿ ಪ್ರಕಟಿಸಿತು. ನಮ್ಮ ಎಷ್ಟೋ ಕನ್ನಡ ವಿದ್ವಾಂಸರ ಕಪಾಟಿನಲ್ಲಿಯೂ ಆ ಪುಸ್ತಕವಿದ್ದಿತು. ಅದನ್ನು ಅನುವಾದಿಸಿದಾಕೆ ಪುಣೆಯ ಸೊಸೆ ಎಂದು ಎಷ್ಟು ಜನ ಗಮನಿಸಿದ್ದಾರೋ!

ಧರ್ಮದ ಪ್ರಶ್ನೆ ಹೀಗೆ ತೀರಿತು. ದೇಶದ ಪ್ರಶ್ನೆ? ಅದಕ್ಕೆ ಯಾವ ವಿಧಿಯೂ ಬೇಕಿರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯದ 1914ರ ರಾಷ್ಟ್ರೀಯತೆಯ ಕಾಯಿದೆಯ ಹತ್ತನೆಯ ಕಲಮು ಹೇಳಿದ್ದಿಷ್ಟು: ಬ್ರಿಟಿಷ್ ಪ್ರಜೆಯ ಹೆಂಡತಿ ಬ್ರಿಟಿಷ್ ಪ್ರಜೆ, ಪರದೇಶಿಯ ಹೆಂಡತಿ ಪರದೇಶಿ. ರಾಯಪುರದಲ್ಲಿ ಹುಟ್ಟಿದ ಕೇತಕರರು ಬ್ರಿಟಿಷ್ ಪ್ರಜೆ. ಆದ್ದರಿಂದ ಎರಡು ವರ್ಷದ ಹಿಂದಿನವರೆಗೆ ಶತ್ರುದೇಶದವಳಾಗಿದ್ದ ಹೆಣ್ಣು ಮದುವೆಯಾದ ಗಳಿಗೆಯಿಂದ ಕಾನೂನಿನ ಕಣ್ಣಿಗೆ ಬ್ರಿಟಿಷ್ ಪ್ರಜೆ. ಅರ್ಜಿಯಿಲ್ಲ, ಶುಲ್ಕವಿಲ್ಲ, ಕಾಯುವ ಸಾಲಿಲ್ಲ. ಇಂದಿನ ವೀಸಾ ಫಾರಂಗಳನ್ನು ತುಂಬಿ ಬೆರಳು ನೋಯಿಸಿಕೊಂಡವರಿಗೆ ಇದು ಸತ್ಯಯುಗವೆಂದು ತೋರಬಹುದು.

ಆದರೆ ಸತ್ಯಯುಗದ ಇನ್ನೊಂದು ಮಗ್ಗುಲನ್ನೂ ನೋಡಬೇಕು. 1939ರಲ್ಲಿ ಎರಡನೆಯ ಮಹಾಯುದ್ಧ ಪ್ರಾರಂಭವಾದ ಮೇಲೆ, ಈ ನಗರದಿಂದ ಹೆಚ್ಚು ದೂರವಿಲ್ಲದ ಪುರಂದರ ಕೋಟೆಯಲ್ಲಿ ಜರ್ಮನ್ ಕುಟುಂಬಗಳನ್ನು ತಂದಿರಿಸಿದರು. ಹಿಟ್ಲರನ ಕಾಟಕ್ಕೆ ಊರುಬಿಟ್ಟು ಓಡಿಬಂದ ಯಹೂದಿಗಳೂ ಅವರಲ್ಲಿ ಇದ್ದರು. ಒಂದೇ ಊರಿನಲ್ಲಿ ಹುಟ್ಟಿದ ಇಬ್ಬರು ಅಕ್ಕತಂಗಿಯರನ್ನು ಕಲ್ಪಿಸಿಕೊಳ್ಳೋಣ. ಒಬ್ಬಳು ಹಿಂದುಸ್ಥಾನದವನ ಕೈಹಿಡಿದಳು, ಇನ್ನೊಬ್ಬಳು ಜರ್ಮನ್‌ನ ಕೈಹಿಡಿದಳು. ಮೊದಲನೆಯವಳು ಪೇಟೆಯಲ್ಲಿ ಸ್ವತಂತ್ರಳಾಗಿ ತಿರುಗಬಹುದು. ಎರಡನೆಯವಳು ಶತ್ರುದೇಶದವಳೆಂದು ಕೋಟೆಯ ಮೇಲೆ. ಅವಳು ಏನು ಮಾಡಿದಳು, ಏನು ನಂಬಿದಳು ಎಂದು ಕೇಳುವವರಿಲ್ಲ. ಅವಳ ಗಂಡ ಯಾರು ಎಂಬುದೇ ಪ್ರಶ್ನೆ.

ಅಮೆರಿಕದ ಕಥೆ ಇನ್ನೂ ವಿಚಿತ್ರ. ಅಲ್ಲಿ 1922ರಲ್ಲಿ ಕೇಬಲ್ ಕಾಯಿದೆ ಬಂದು, ಹೆಂಡತಿಯ ಪೌರತ್ವ ಗಂಡನ ಬೆನ್ನಿಗೆ ಹೋಗತಕ್ಕದ್ದಲ್ಲ ಎಂದು ದೊಡ್ಡ ಮನಸ್ಸು ಮಾಡಿತು. ಆದರೆ ಬಾಲದಲ್ಲಿ ಒಂದು ಮುಳ್ಳಿತ್ತು: ಅಮೆರಿಕದ ಪೌರನಾಗಲು ಅರ್ಹತೆಯೇ ಇಲ್ಲದ ಪರದೇಶಿಯನ್ನು ಮದುವೆಯಾದವಳು ತನ್ನ ಪೌರತ್ವ ಕಳೆದುಕೊಳ್ಳುತ್ತಾಳೆ. ಯಾರಿಗೆ ಅರ್ಹತೆಯಿಲ್ಲ? 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಹಿಂದುಸ್ಥಾನದವರು ‘ಬಿಳಿಯರು’ ಅಲ್ಲವಾದ್ದರಿಂದ ಪೌರರಾಗಲಾರರು ಎಂದು ತೀರ್ಪು ಕೊಟ್ಟಿತು. ಎರಡನ್ನೂ ಕೂಡಿಸಿದರೆ ಫಲಿತಾಂಶ ಸ್ಪಷ್ಟ: ಭಾರತೀಯನ ಕೈಹಿಡಿದ ಅಮೆರಿಕನ್ ಹೆಣ್ಣಿಗೆ ಅಮೆರಿಕದ ಪೌರತ್ವವಿಲ್ಲ. ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸರ ಪತ್ನಿ ಮೇರಿ ದಾಸ್ ಅವರಿಗೆ ಬಂದದ್ದು ಇದೇ ಗತಿ. ಅವರು ತಮ್ಮ ಈ ಅವಸ್ಥೆಯನ್ನು ಅಮೆರಿಕದ ಪತ್ರಿಕೆಯಲ್ಲಿಯೇ ಬರೆದು ಜನರ ಮುಂದಿಟ್ಟರು.

1928ರ ಮಾರ್ಚಿಯಲ್ಲಿ ಇಂದೂರಿನ ಮಾಜಿ ಮಹಾರಾಜ ಮೂರನೆಯ ತುಕೋಜಿರಾವ್ ಹೋಳ್ಕರರು ಸಿಯಾಟಲ್ ನಗರದ ನ್ಯಾನ್ಸಿ ಆ್ಯನ್ ಮಿಲ್ಲರ್‌ರನ್ನು ಮದುವೆಯಾದಾಗ ಕೇಬಲ್ ಕಾಯಿದೆಯ ಆ ಮುಳ್ಳು ಇನ್ನೂ ಹಾಗೆಯೇ ಇತ್ತು. ಆ ಮದುವೆಗೆ ಮೊದಲು ನಾಸಿಕದಲ್ಲಿ ಅವರಿಗೆ ಹಿಂದೂ ಧರ್ಮದೀಕ್ಷೆ ಕೊಟ್ಟವರು ಕರವೀರ ಪೀಠದ ಶಂಕರಾಚಾರ್ಯ ಡಾ. ಕುರ್ತಕೋಟಿಯವರು. ಅವರ ಹೆಸರು ನಮಗೆ ಗದಗ ಸೀಮೆಯ ಕುರ್ತಕೋಟಿ ಗ್ರಾಮವನ್ನು ನೆನಪಿಗೆ ತರುತ್ತದೆ. ನ್ಯಾನ್ಸಿ ಶರ್ಮಿಷ್ಠಾದೇವಿಯಾದರು. ಅಂದಿನ ಪತ್ರಿಕೆಗಳು ಅರಮನೆ, ಆಭರಣ, ಧರ್ಮಾಂತರಗಳನ್ನು ಬಾಯಿತುಂಬ ವರ್ಣಿಸಿದವು. ಆದರೆ ಕಾಯಿದೆಯ ಮಾತಿನ ಪ್ರಕಾರ ಆ ಹುಡುಗಿ ಮದುವೆಯ ಮಂಟಪದಲ್ಲಿ ಬಿಟ್ಟುಕೊಟ್ಟದ್ದು ಹುಟ್ಟಿದ ಧರ್ಮವನ್ನಷ್ಟೇ ಅಲ್ಲ, ಹುಟ್ಟಿದ ದೇಶವನ್ನು. 1931ರಲ್ಲಿ ಅಮೆರಿಕ ಆ ಕಲಮನ್ನು ತೆಗೆದುಹಾಕಿತು. ಭಾರತೀಯರು ಅಲ್ಲಿ ಪೌರರಾಗಬಹುದೆಂಬ ಕಾಯಿದೆ ಬರಲು ಮಾತ್ರ 1946ರವರೆಗೆ ಕಾಯಬೇಕಾಯಿತು.

ಸ್ವತಂತ್ರ ಭಾರತವು 1955ರಲ್ಲಿ ತನ್ನ ಪೌರತ್ವ ಕಾಯಿದೆಯನ್ನು ಮಾಡಿದಾಗ ಮೆಚ್ಚತಕ್ಕ ಒಂದು ಕೆಲಸ ಮಾಡಿತು: ಪರದೇಶಿಯನ್ನು ಮದುವೆಯಾದ ಮಾತ್ರಕ್ಕೆ ನಮ್ಮ ಹೆಣ್ಣಿನ ಪೌರತ್ವ ಹೋಗುವುದಿಲ್ಲ. ತಾನಾಗಿ ಬೇರೆ ದೇಶದ ಪೌರತ್ವ ಪಡೆದರೆ ಮಾತ್ರ ಹೋಗುತ್ತದೆ. ಆದರೆ ಹಳೆಯ ಗೋತ್ರ ನ್ಯಾಯ ಅಷ್ಟು ಸುಲಭವಾಗಿ ಬಿಡಲಿಲ್ಲ. ಭಾರತೀಯನನ್ನು ಮದುವೆಯಾದ ಪರದೇಶದ ‘ಸ್ತ್ರೀ’ ನೋಂದಣಿಯಿಂದ ಪೌರಳಾಗಬಹುದು ಎಂದಿತ್ತು. ಭಾರತೀಯಳನ್ನು ಮದುವೆಯಾದ ಪರದೇಶದ ಗಂಡಸಿಗೆ ಆ ಬಾಗಿಲು ಇರಲಿಲ್ಲ. ಅಳಿಯ ಅಳಿಯನಾಗಿಯೇ ಇರಬೇಕು, ಮನೆಯವನಾಗಬಾರದು! 1986ರ ತಿದ್ದುಪಡಿಯಲ್ಲಿ ‘ಸ್ತ್ರೀ’ ಹೋಗಿ ‘ವ್ಯಕ್ತಿ’ ಬಂತು, ಜೊತೆಗೆ ಐದು ವರ್ಷ ಇಲ್ಲಿ ವಾಸವಾಗಿರಬೇಕೆಂಬ ನಿಯಮವೂ ಬಂತು. ಈಗ ಅದು ಏಳು ವರ್ಷ.

ಮಕ್ಕಳ ವಿಷಯ ಇನ್ನೂ ಕಠಿಣ. ಪರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆಯ ಮೂಲಕ ಮಾತ್ರ ಭಾರತದ ಪೌರತ್ವ ಬರುತ್ತಿತ್ತು. ತಾಯಿಯ ಮೂಲಕವೂ ಬರಬಹುದೆಂದಾದದ್ದು 1992ರ ಡಿಸೆಂಬರ್ 10ರಿಂದ. ಅದಕ್ಕೆ ಒಂದು ದಿನ ಮೊದಲು ಲಂಡನ್ನಿನಲ್ಲಿಯೋ ಬರ್ಲಿನ್ನಿನಲ್ಲಿಯೋ ಪರದೇಶಿ ತಂದೆಗೆ ಹುಟ್ಟಿದ ಮಗುವಿಗೆ, ತಾಯಿ ಅಪ್ಪಟ ಧಾರವಾಡದವಳಾದರೂ, ತಾಯಿನಾಡಿನ ಪೌರತ್ವ ಹುಟ್ಟಿನಿಂದ ಬರಲಿಲ್ಲ. ತಾಯಿನಾಡು ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ!

ಇತ್ತ ಪೌರತ್ವವು ಗಂಡಹೆಂಡಿರಲ್ಲಿ ಬೇರೆ ಬೇರೆಯಾದ ಮೇಲೆ, ಅತ್ತ ದೇಶಗಳ ಗಡಿಯಲ್ಲಿ ಕಾವಲು ಬಿಗಿಯಾಯಿತು. ಹೆಂಡತಿಯಾಗಿ ಹೋಗುವುದೋ, ಮದುವೆ ನಿಶ್ಚಯವಾದ ಹುಡುಗಿಯಾಗಿ ಹೋಗುವುದೋ ಎಂಬ ಹೊಸ ಲೆಕ್ಕ ಹುಟ್ಟಿತು. 1970ರ ದಶಕದಲ್ಲಿ ಬ್ರಿಟನ್ನಿಗೆ ಹೆಂಡತಿಯಾಗಿ ಹೋಗಬೇಕಾದರೆ ಇಲ್ಲಿಯೇ ಅನುಮತಿಗಾಗಿ ಬಹುಕಾಲ ಕಾಯಬೇಕಾಗಿತ್ತು. ಅಲ್ಲಿ ಹೋಗಿ ಮೂರು ತಿಂಗಳೊಳಗೆ ಮದುವೆಯಾಗುವ ಹುಡುಗಿಗೆ ಆ ಕಾಯುವಿಕೆ ಇರಲಿಲ್ಲ. ಸಹಜವಾಗಿಯೇ ಅನೇಕರು ಎರಡನೆಯ ದಾರಿ ಹಿಡಿದರು. ಅಧಿಕಾರಿಗಳಿಗೆ ಸಂಶಯ: ಇವಳು ಆಗಲೇ ಮದುವೆಯಾದವಳಿರಬಹುದೇ? 1979ರ ಜನವರಿಯಲ್ಲಿ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಮದುವೆಗೆಂದು ಬಂದಿಳಿದ ಭಾರತೀಯ ಶಿಕ್ಷಕಿಯೊಬ್ಬರನ್ನು ಆ ಸಂಶಯ ತೀರಿಸಿಕೊಳ್ಳಲು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಸುದ್ದಿ ಹೊರಬಿದ್ದು ಎರಡೂ ದೇಶಗಳಲ್ಲಿ ಕೋಲಾಹಲವಾಗಿ ಆ ಪದ್ಧತಿ ನಿಂತಿತು. ವೀಸಾ ಫಾರಂನ ಒಂದು ಚೌಕದಲ್ಲಿ ‘ವಿವಾಹಿತೆ’, ‘ಅವಿವಾಹಿತೆ’ ಎಂದು ಗುರುತು ಹಾಕುವುದರ ಬೆಲೆ ಎಷ್ಟಾಯಿತೆಂದು ಆಕೆಯೇ ಬಲ್ಲರು.

ಅದೇ ಬ್ರಿಟನ್ನಿನಲ್ಲಿ ನೆಲಸಿದ ಗಂಡಸು ಹೆಂಡತಿಯನ್ನು ಕರೆಸಿಕೊಳ್ಳಬಹುದಾಗಿತ್ತು, ನೆಲಸಿದ ಹೆಂಗಸಿಗೆ ಗಂಡನನ್ನು ಕರೆಸಿಕೊಳ್ಳುವುದು ಕಷ್ಟವಾಗಿತ್ತು. ಮೂವರು ಹೆಂಗಸರು ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋಗಿ 1985ರಲ್ಲಿ ಗೆದ್ದರು. ಸರ್ಕಾರ ಸಮಾನತೆಯನ್ನು ತಂದಿತು. ಹೇಗೆಂದರೆ, ಗಂಡಂದಿರ ಮೇಲಿದ್ದ ನಿರ್ಬಂಧವನ್ನು ಹೆಂಡಂದಿರ ಮೇಲೂ ಹಾಕಿ!

ಅಮೆರಿಕವು 1970ರಲ್ಲಿ ತನ್ನ ಪೌರರನ್ನು ಮದುವೆಯಾಗಲಿರುವವರಿಗೆ ಬೇರೆ ವೀಸಾ ಮಾಡಿತು. ಬಂದವರು 90 ದಿನಗಳೊಳಗೆ ಮದುವೆಯಾಗಬೇಕು. 1986ರಲ್ಲಿ, ಹೊಸ ಮದುವೆಯವರಿಗೆ ಮೊದಲು ಎರಡು ವರ್ಷದ ಷರತ್ತಿನ ವಾಸವನ್ನಷ್ಟೇ ಕೊಡುವ ಪದ್ಧತಿ ಬಂತು. ನಮ್ಮವರು ಗಮನಿಸಬೇಕಾದದ್ದು ಇನ್ನೊಂದು. ಅಲ್ಲಿಯ ಪೌರನ ಹೆಂಡತಿಗೆ ಸಂಖ್ಯೆಯ ಮಿತಿಯಿಲ್ಲ, ಗ್ರೀನ್ ಕಾರ್ಡ್ ಇದ್ದವನ ಹೆಂಡತಿಗೆ ಮಿತಿಯುಂಟು. 1990ರ ದಶಕದಲ್ಲಿ ಎಷ್ಟೋ ಹೆಣ್ಣುಮಕ್ಕಳು ತಾಳಿ ಕಟ್ಟಿಸಿಕೊಂಡು ವರ್ಷಗಟ್ಟಲೆ ತವರಿನಲ್ಲಿಯೇ ಕುಳಿತರು. ಮೂರು ವರ್ಷ ಕಾದವರಿಗೆಂದೇ ಆ ದೇಶ 2000ದ ಡಿಸೆಂಬರಿನಲ್ಲಿ ಪ್ರತ್ಯೇಕ ವೀಸಾ ತೆರೆಯಬೇಕಾಯಿತು. ‘ಅಮೆರಿಕದ ವರ’ ಎಂದು ಬೀಗರು ಹೇಳಿದಾಗ, ಪೌರನೋ, ಗ್ರೀನ್ ಕಾರ್ಡಿನವನೋ, ಕೆಲಸದ ವೀಸಾದ ಮೇಲಿರುವವನೋ ಎಂದು ಕೇಳುವುದು ಸಂಕೋಚದ ಮಾತಲ್ಲ. ಸಂಬಳ ಕೇಳುವುದಕ್ಕಿಂತ ಇದು ಮರ್ಯಾದೆಯ ಪ್ರಶ್ನೆ ಎಂದೇ ನಮ್ಮ ಮತ.

ಇಲ್ಲಿ ಮದುವೆ ಮಾಡುವವರಿಗೆ ಒಂದು ಮಾತು. 1955ರ ಹಿಂದೂ ವಿವಾಹ ಕಾಯಿದೆಗೆ ವಧೂವರರಿಬ್ಬರೂ ಹಿಂದೂಗಳಾಗಿರಬೇಕು. ಒಬ್ಬರು ಕ್ರೈಸ್ತರಾಗಿದ್ದು ಆ ಕಾಯಿದೆಯ ಕೆಳಗೆ ನಡೆದ ಮದುವೆಯನ್ನು ನಮ್ಮ ಸುಪ್ರೀಂ ಕೋರ್ಟು 2008ರಲ್ಲಿ ಅಸಿಂಧು ಎಂದಿದೆ. ದೇವಸ್ಥಾನದ ಅಕ್ಷತೆ, ಹೋಳಿಗೆ ಊಟ, ಫೋಟೋ ಎಲ್ಲ ಇರಲಿ. ಧರ್ಮ ಬೇರೆಯಾದರೆ ಕಾಗದಕ್ಕೆ 1954ರ ವಿಶೇಷ ವಿವಾಹ ಕಾಯಿದೆ ಬೇಕು. ಕೇತಕರರಂತೆ ಈಗ ಧರ್ಮ ಬಿಡಬೇಕಾಗಿಲ್ಲ, ಬದಲಿಸಬೇಕಾಗಿಲ್ಲ. ಮೂವತ್ತು ದಿನದ ನೋಟೀಸು ಕೊಡಬೇಕು, ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಅದಕ್ಕೆ ಮೊದಲು ಮೂವತ್ತು ದಿನವಾದರೂ ವಾಸವಾಗಿರಬೇಕು. ಎರಡು ವಾರದ ರಜೆ ಹಾಕಿ ಬರುವ ವರನಿಗೆ ಈ ಲೆಕ್ಕ ಮೊದಲೇ ಹೇಳಬೇಕು. ಪರದೇಶದಲ್ಲಿಯೇ ಮದುವೆಯಾಗುವವರಿಗೆ 1969ರ ವಿದೇಶೀ ವಿವಾಹ ಕಾಯಿದೆಯಿದೆ. ಒಬ್ಬರು ಭಾರತದ ಪೌರರಾಗಿದ್ದರೆ ನಮ್ಮ ರಾಯಭಾರಿ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗಬಹುದು.

ಇಲ್ಲಿಗೆ ಬಂದು ನೆಲಸುವ ಪರದೇಶದ ಸೊಸೆ ಅಥವಾ ಅಳಿಯನಿಗೆ, ಏಳು ವರ್ಷದ ಪೌರತ್ವದ ದಾರಿ ಬೇಡವೆಂದರೆ, ಓಸಿಐ ಕಾರ್ಡು ಇದೆ. ಮದುವೆ ನೋಂದಣಿಯಾಗಿ ಎರಡು ವರ್ಷ ಮುಂದುವರಿದಿರಬೇಕು. ಸ್ವಂತ ಪಾಸ್‌ಪೋರ್ಟು ಬಿಡಬೇಕಾಗಿಲ್ಲ, ಆಜೀವ ಇಲ್ಲಿರಬಹುದು. ಮತದಾನವಿಲ್ಲ, ಹೊಲ ಕೊಳ್ಳುವಂತಿಲ್ಲ. ಪರದೇಶದ ಪೌರಳಾಗಿ ಈ ಕಾರ್ಡು ಹಿಡಿದ ನಮ್ಮ ಮಗಳಿಗೂ ಇದೇ ನಿಯಮ, ಆದರೆ ಊರಿನ ಹೊಲದಲ್ಲಿ ತಂದೆಯಿಂದ ಬರುವ ಪಾಲು ತಪ್ಪುವುದಿಲ್ಲ. ಹೊಲವಿನ್ನೂ ಉಳಿಸಿಕೊಂಡ ವಿಜಾಪುರ, ಕಲಬುರ್ಗಿ ಕಡೆಯ ನಮ್ಮ ಬಂಧುಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಒಂದು ಸಣ್ಣ ಬದಲಾವಣೆ ಯಾರ ಕಣ್ಣಿಗೂ ಬಿದ್ದಂತಿಲ್ಲ. 1955ರ ಕಾಯಿದೆಯಲ್ಲಿ ಭಾರತೀಯರನ್ನು ‘ಮದುವೆಯಾಗಿರುವ ಅಥವಾ ಮದುವೆಯಾಗಿದ್ದ’ ಸ್ತ್ರೀಯರು ಎಂದಿತ್ತು. ಅಂದರೆ ಗಂಡ ತೀರಿಕೊಂಡ ಮೇಲೂ ಆಕೆ ಅರ್ಜಿ ಹಾಕಬಹುದಾಗಿತ್ತು. ಈಗಿನ ಕಲಮಿನಲ್ಲಿ ‘ಮದುವೆಯಾಗಿರುವ’ ಎಂದಷ್ಟೇ ಉಳಿದಿದೆ. ವಿಚ್ಛೇದನವಾದರೆ ಓಸಿಐ ಕಾರ್ಡೂ ಹೋಗುತ್ತದೆ. ಗಂಡ ಸತ್ತರೆ ಕಾರ್ಡು ಉಳಿಯುತ್ತದೆ, ಆದರೆ ಆ ಮದುವೆಯ ಬಲದ ಮೇಲೆ ಪೌರತ್ವ ಕೇಳುವ ಬಾಗಿಲು ಮುಚ್ಚುತ್ತದೆ. ಕೇತಕರರು 1937ರಲ್ಲಿ ತೀರಿಕೊಂಡಾಗ ಶೀಲವತಿಬಾಯಿಯವರ ಮುಂದೆ ಈ ಪ್ರಶ್ನೆ ಬರಲಿಲ್ಲ. ಇಂದು ಪುಣೆಯಲ್ಲಿ ಮನೆಮಾಡಿರುವ ಪರದೇಶದ ಸೊಸೆಯಾಗಲಿ ಅಳಿಯನಾಗಲಿ ಪೌರತ್ವ ಬೇಕೆಂದಿದ್ದರೆ, ಏಳು ವರ್ಷ ತುಂಬಿದ ಕೂಡಲೇ ಅರ್ಜಿ ಹಾಕುವುದು ಲೇಸು.