ಫ್ರಿಗೇಟ್ ಎಂಬ ಹಡಗು, ಫ್ರಿಗೇಟ್ ಎಂಬ ಕಟ್ಟಡ

ಕೆನಡಾದ ಕಿಂಗ್‌ಸ್ಟನ್ ಊರಿನ ಸೇನಾ ಕಾಲೇಜಿನ ಆವರಣದಲ್ಲಿ, ನೀರಿನಂಚಿಗೆ ಒಂದು ಉದ್ದನೆಯ ಕಲ್ಲಿನ ಕಟ್ಟಡವಿದೆ. ಅದರ ಹೆಸರು 'ಸ್ಟೋನ್ ಫ್ರಿಗೇಟ್', ಅಂದರೆ ಕಲ್ಲಿನ ಫ್ರಿಗೇಟ್. 1812ರಲ್ಲಿ ಅಮೆರಿಕದೊಡನೆ ಯುದ್ಧ ಹತ್ತಿಕೊಂಡಾಗ ಬ್ರಿಟಿಷರು ಒಂಟಾರಿಯೊ ಸರೋವರವನ್ನು ಹಿಡಿದಿಟ್ಟುಕೊಳ್ಳಲು ಇದೇ ಊರಿನಲ್ಲಿ ಯುದ್ಧನೌಕೆಗಳನ್ನು ಕಟ್ಟಿದರು. 112 ಫಿರಂಗಿಗಳ 'ಸೇಂಟ್ ಲಾರೆನ್ಸ್' ನೀರಿಗಿಳಿದದ್ದು ಇಲ್ಲಿಯೇ. ಯುದ್ಧ ಮುಗಿದು 1817ರಲ್ಲಿ ರಶ್-ಬ್ಯಾಗಟ್ ಒಪ್ಪಂದವಾಯಿತು. ಆ ಸರೋವರದಲ್ಲಿ ಎರಡೂ ಕಡೆಯವರು ಒಂದೊಂದು ಸಣ್ಣ ಹಡಗನ್ನಷ್ಟೇ ಇಟ್ಟುಕೊಳ್ಳಬಹುದೆಂದು ನಿಶ್ಚಯವಾಯಿತು. ಉಳಿದ ಹಡಗುಗಳಿಂದ ಬಿಚ್ಚಿದ ಹಾಯಿ, ಹಗ್ಗ, ಸಲಕರಣೆಗಳನ್ನು ಇಡಲು ಉಗ್ರಾಣ ಬೇಕಾಯಿತು. 1820ರ ಸುಮಾರಿಗೆ ಕಟ್ಟಿದ ಆ ಉಗ್ರಾಣವೇ ಇದು.

ಕಟ್ಟಡಕ್ಕೆ ಹಡಗಿನ ಹೆಸರು ಬಂದದ್ದು ಹೇಗೆ ಎಂದು ತಿಳಿಯಬೇಕಾದರೆ ಫ್ರಿಗೇಟ್ ಎಂಬ ಪದದ ಬೆನ್ನು ಹತ್ತಬೇಕು. ಐದಾರು ಶತಮಾನ ಬಾಳಿ, ನಡುವೆ ಒಮ್ಮೆ ಬಳಕೆಯಿಂದಲೇ ಅಳಿಸಿಹೋಗಿ, ಮತ್ತೆ ಎದ್ದುಬಂದ ಪದ ಅದು. ಅದಕ್ಕೆ ಮರುಹುಟ್ಟು ಕೊಟ್ಟವನು ಒಬ್ಬ ಕೆನಡಿಯನ್ ಎಂಬುದನ್ನು ನೌಕಾ ಇತಿಹಾಸ ಓದುವವರಲ್ಲೂ ಎಲ್ಲರೂ ಗಮನಿಸಿರುವುದಿಲ್ಲ.

ಇಟಾಲಿಯನ್ನಿನ 'ಫ್ರೆಗಾತಾ' ಇದರ ತಾಯಿಪದ. ಅದರ ಹಿಂದಿನ ಬೇರಿನ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಮೇಲ್ಛಾವಣಿಯಿಲ್ಲದ ನಾವೆಗೆ ಗ್ರೀಕರು ಬಳಸುತ್ತಿದ್ದ ಪದದಿಂದ ಬಂದಿತೆಂದು ಕೆಲವರು ಹೇಳುತ್ತಾರೆ, ಬೇರೆಯವರು ಒಪ್ಪುವುದಿಲ್ಲ. ಆ ಕಾಲದ ಫ್ರೆಗಾತಾ ಎಂದರೆ ಮೆಡಿಟರೇನಿಯನ್ ಸಮುದ್ರದಲ್ಲಿ ಹುಟ್ಟು ಹಾಕಿಯೂ ಹಾಯಿ ಬಿಚ್ಚಿಯೂ ಓಡುತ್ತಿದ್ದ ಹಗುರ ನಾವೆ. ದೊಡ್ಡ ಗ್ಯಾಲಿ ಹಡಗುಗಳ ಜೊತೆಗಿದ್ದು ಸುದ್ದಿ ಒಯ್ಯುವುದು, ಮುಂದೆ ಹೋಗಿ ನೋಡಿಬರುವುದು ಅದರ ಪಾಲಿನ ಕೆಲಸ. ಪದ ಫ್ರೆಂಚಿಗೆ ಹೋಯಿತು. 16ನೆಯ ಶತಮಾನ ಮುಗಿಯುವ ಮೊದಲೇ ಇಂಗ್ಲಿಷಿಗೂ ಬಂತು. ಡನ್‌ಕರ್ಕ್ ಬಂದರಿನ ದಾಳಿಕೋರರು ಕಟ್ಟಿದ ವೇಗದ, ತಗ್ಗು ಮೈಯ ಹಾಯಿಹಡಗುಗಳಿಗೂ ಅದೇ ಹೆಸರು ಅಂಟಿತು. ಅಷ್ಟರಲ್ಲಿ ಹುಟ್ಟು ಹೋಗಿತ್ತು, ಮೈ ದೊಡ್ಡದಾಗಿತ್ತು. ವೇಗ ಮಾತ್ರ ಉಳಿದಿತ್ತು.

1740ರ ಸುಮಾರಿಗೆ ಫ್ರೆಂಚರು ಕಟ್ಟಿದ 'ಮೆಡೆ' ಎಂಬ ಹಡಗನ್ನು ನಿಜವಾದ ಅರ್ಥದ ಮೊದಲ ಫ್ರಿಗೇಟ್ ಎಂದು ಹಲವು ಇತಿಹಾಸಕಾರರು ಎಣಿಸುತ್ತಾರೆ. ಅದರ ಫಿರಂಗಿಗಳೆಲ್ಲ ಮೇಲಿನ ಅಂತಸ್ತಿನಲ್ಲಿ ಒಂದೇ ಸಾಲಾಗಿದ್ದವು. ಕೆಳಗಿನ ಅಂತಸ್ತು ಖಾಲಿ. ಹಾಗಾಗಿ ಸಮುದ್ರ ಎಷ್ಟೇ ಉಬ್ಬರಿಸಿದ್ದರೂ ಫಿರಂಗಿಯ ಕಿಂಡಿಗಳಿಗೆ ನೀರು ನುಗ್ಗುತ್ತಿರಲಿಲ್ಲ. ದೊಡ್ಡ ಹಡಗುಗಳು ಸಾಲುಗಟ್ಟಿ ಕಾದುತ್ತಿದ್ದರೆ ಫ್ರಿಗೇಟುಗಳು ಸಾಲಿನ ಹೊರಗಿರುತ್ತಿದ್ದವು: ಶತ್ರುವನ್ನು ಹುಡುಕುವುದು, ವ್ಯಾಪಾರಿ ಹಡಗುಗಳಿಗೆ ಬೆಂಗಾವಲಾಗುವುದು, ತಿಂಗಳುಗಟ್ಟಲೆ ಒಂಟಿಯಾಗಿ ತಿರುಗುವುದು. 1798ರಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ತನ್ನ ಫ್ರಿಗೇಟುಗಳಿಂದ ಬೇರ್ಪಟ್ಟು, ನೆಪೋಲಿಯನ್ನನ ಪಡೆಗೆ ತೀರಾ ಹತ್ತಿರದಲ್ಲೇ ಹಾದುಹೋದರೂ ಅದನ್ನು ಕಾಣದೆ ವಾರಗಟ್ಟಲೆ ಅಲೆದ. ಫ್ರಿಗೇಟ್ ಇಲ್ಲದ ದೊಡ್ಡ ಪಡೆ ಕುರುಡು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕೆನಡಾದ ನೆಲಕ್ಕೆ ಈ ಪದ ಗಟ್ಟಿಯಾಗಿ ಬೆಸೆದುಕೊಂಡದ್ದು 1813ರ ಜೂನ್ 1ರಂದು. ಬಾಸ್ಟನ್ನಿನ ಹೊರಗಡಲಿನಲ್ಲಿ ಬ್ರಿಟಿಷ್ ಫ್ರಿಗೇಟ್ 'ಶಾನನ್', ಅಮೆರಿಕದ ಫ್ರಿಗೇಟ್ 'ಚೆಸಪೀಕ್' ಅನ್ನು ಕಾಲು ಗಂಟೆಯೊಳಗೆ ವಶಪಡಿಸಿಕೊಂಡಿತು. ಶಾನನ್‌ನ ಕಪ್ತಾನ ಫಿಲಿಪ್ ಬ್ರೋಕ್ ತಲೆಗೆ ಪೆಟ್ಟುಬಿದ್ದು ಮಲಗಿದ್ದ, ಅವನ ನಂತರದ ಅಧಿಕಾರಿ ಸತ್ತಿದ್ದ. ಹೊಣೆ ಬಂದದ್ದು 22ರ ಹರೆಯದ ಪ್ರೋವೊ ವಾಲಿಸ್‌ಗೆ. ಅವನು ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲೇ ಹುಟ್ಟಿದವನು. ಜೂನ್ 6ರಂದು ಎರಡೂ ಹಡಗುಗಳನ್ನು ತನ್ನ ಹುಟ್ಟೂರಿನ ಬಂದರಿಗೆ ಮುಟ್ಟಿಸಿದ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಹಡಗಿನ ಅಧಿಕಾರ ನಡೆಸಿದವರನ್ನು ಕೊನೆಯವರೆಗೂ ಸೇವೆಯ ಪಟ್ಟಿಯಲ್ಲಿ ಉಳಿಸಬೇಕೆಂಬ ನಿಯಮ ಮುಂದೆ ಬಂದಾಗ, ಆ ಕೆಲವೇ ದಿನಗಳ ಅಧಿಕಾರ ವಾಲಿಸ್‌ನ ಕೈ ಹಿಡಿಯಿತು. 1892ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡಾಗಲೂ ಅವನ ಹೆಸರು ಪಟ್ಟಿಯಲ್ಲಿತ್ತು. ಆದರೆ ಅಷ್ಟರೊಳಗೆ ಅವನು ನಡೆಸಿದ ಬಗೆಯ ಹಡಗಿನ ಹೆಸರೇ ಬಳಕೆ ತಪ್ಪಿತ್ತು. ಉಗಿಯಂತ್ರ ಬಂದಿತ್ತು, ಕಬ್ಬಿಣದ ಮೈ ಬಂದಿತ್ತು. ಬ್ರಿಟಿಷ್ ನೌಕಾಪಡೆ ಅಂಥ ಹಡಗುಗಳನ್ನು 'ಕ್ರೂಸರ್' ಎನ್ನತೊಡಗಿತ್ತು. ಫ್ರಿಗೇಟ್ ಎಂಬುದು ಹಳೆಯ ವರ್ಣಚಿತ್ರಗಳ, ಹಳೆಯ ಕಥೆಗಳ ಪದವಾಗಿ ಉಳಿಯಿತು.

ಹೀಗೆ ಕಡಲಲ್ಲಿ ಕಾಣೆಯಾದ ಪದ ದಡದಲ್ಲಿ ಮಾತ್ರ ಬದುಕಿತ್ತು. ನೌಕಾಪಡೆಯ ಶಿಸ್ತಿನ ಕಾನೂನು ಯಾವುದಾದರೂ ಹಡಗಿನ ಪುಸ್ತಕದಲ್ಲಿ ಹೆಸರಿದ್ದವರಿಗಷ್ಟೇ ಅನ್ವಯಿಸುತ್ತಿತ್ತು. ದಡದ ಶಾಲೆಗಳು, ವಸತಿಗಳು ಮೊದಲು ಹಳೆಯ ಹಡಗುಗಳ ಒಡಲಲ್ಲೇ ಇದ್ದುದರಿಂದ ತೊಡಕಿರಲಿಲ್ಲ. ಅವು ಇಟ್ಟಿಗೆ ಕಲ್ಲಿನ ಕಟ್ಟಡಗಳಿಗೆ ಬದಲಾದಾಗ ಕಟ್ಟಡಕ್ಕೇ ಹಡಗಿನ ಹೆಸರಿಟ್ಟು, ಹಡಗಿನಂತೆಯೇ ಸೇವೆಗೆ ಸೇರಿಸಿಕೊಂಡರು. ಇದಕ್ಕೂ ಮೊದಲೇ, 1804ರಲ್ಲಿ, ಮಾರ್ಟಿನಿಕ್ ದ್ವೀಪದ ಬಳಿಯ ಡೈಮಂಡ್ ರಾಕ್ ಎಂಬ ಒಂಟಿ ಬಂಡೆಯ ನೆತ್ತಿಗೆ ಬ್ರಿಟಿಷರು ಹಗ್ಗ ಕಟ್ಟಿ ಫಿರಂಗಿ ಎಳೆದು, ಆ ಬಂಡೆಯನ್ನೇ ಒಂದು ಯುದ್ಧನೌಕೆಯೆಂದು ದಾಖಲಿಸಿದ್ದರು. ಇಂಥ ಅಲುಗದ ಹಡಗುಗಳಿಗೆಲ್ಲ ನಾವಿಕರ ಬಾಯಲ್ಲಿ ನಿಂತ ಹೆಸರು ಕಲ್ಲಿನ ಫ್ರಿಗೇಟ್. ಹಂಪಿಯ ಕಲ್ಲಿನ ರಥವನ್ನು ಓಡುವುದಿಲ್ಲವೆಂಬ ಕಾರಣಕ್ಕೆ ನಾವು ರಥವಲ್ಲ ಎನ್ನುತ್ತೇವೆಯೇ? ನಾವಿಕರಿಗೂ ಹಾಗೆಯೇ.

1910ರಲ್ಲಿ ಹುಟ್ಟಿದ ಕೆನಡಾದ ನೌಕಾಪಡೆ ಈ ಪದ್ಧತಿಯನ್ನು ಇಡಿಯಾಗಿ ತೆಗೆದುಕೊಂಡಿತು. ಹ್ಯಾಲಿಫ್ಯಾಕ್ಸಿನ ದಡದ ನೆಲೆ 'ಸ್ಟಾಡಕೋನಾ' ಆಯಿತು, ಎಸ್ಕ್ವಿಮಾಲ್ಟಿನದು 'ನೇಡನ್'. ಮೊದಲ ಹಡಗುಗಳಲ್ಲೊಂದಾದ 'ನಯೋಬಿ' ಗುಜರಿಗೆ ಹೋದ ಮೇಲೆ, ಎರಡನೆಯ ಮಹಾಯುದ್ಧದಲ್ಲಿ ಅದರ ಹೆಸರನ್ನು ಸ್ಕಾಟ್ಲೆಂಡಿನ ಗ್ರೀನಕ್ ಊರಿನ ಕೆನಡಿಯನ್ ನೆಲೆಗೆ ಇಟ್ಟರು. ನನಗೆ ಹೆಚ್ಚು ಇಷ್ಟವಾಗುವುದು ಸಮುದ್ರದಿಂದ ಬಹುದೂರ ಒಳಗಿರುವ 'ಹಡಗು'ಗಳು. ವಿನಿಪೆಗ್‌ನಲ್ಲಿ ಚಿಪ್ಪವಾ, ಸ್ಯಾಸ್ಕಟೂನ್‌ನಲ್ಲಿ ಯೂನಿಕಾರ್ನ್, ಕ್ಯಾಲ್ಗರಿಯಲ್ಲಿ ಟೆಕಮ್ಸೆ: ಸುತ್ತ ಗೋಧಿ ಹೊಲ, ಒಳಗೆ ನೆಲಕ್ಕೆ 'ಡೆಕ್' ಎನ್ನಬೇಕು, ಗೇಟು ದಾಟಿ ಊರಿಗೆ ಹೋದರೆ 'ದಡಕ್ಕೆ ಹೋದೆ' ಎನ್ನಬೇಕು. ಕಡಲನ್ನೇ ಕಾಣದ ಹುಡುಗರು ಇಲ್ಲಿ ಆ ಮಾತು ಕಲಿತು, ಅಟ್ಲಾಂಟಿಕ್‌ಗೆ ಹೋದರು. ಒಂಟಾರಿಯೊದ ಗಾಲ್ಟ್ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದು 'ಕಾನೆಸ್ಟೋಗಾ' ಎಂಬ ಹಡಗಾಯಿತು. ಮಹಿಳಾ ನೌಕಾದಳದವರಿಗೆ ತರಬೇತಿ ಕೊಡುತ್ತಿದ್ದ ಅದರ ಅಧಿಕಾರ ಇಸಾಬೆಲ್ ಮೆಕ್‌ನೀಲ್ ಅವರದು. ಕಾಮನ್‌ವೆಲ್ತ್ ನೌಕಾಪಡೆಗಳಲ್ಲಿ ಹಡಗಿನ ಹೆಸರುಳ್ಳ ನೆಲೆಯೊಂದಕ್ಕೆ ಅಧಿಕಾರಿಯಾದ ಮೊದಲ ಮಹಿಳೆ ಅವರು.

ನಮ್ಮ ಕಾರವಾರದ ಓದುಗರಿಗೆ ಇದು ಹೊಸತೇನಲ್ಲ. ಅಲ್ಲಿನ ನೌಕಾನೆಲೆ 2005ರ ಮೇ 31ರಂದು ಸೇವೆಗೆ ಸೇರಿದ್ದು 'ಐಎನ್‌ಎಸ್ ಕದಂಬ' ಎಂದು, ಹಡಗಿನಂತೆಯೇ. ಅದೇ ಜಿಲ್ಲೆಯ ಬನವಾಸಿಯಿಂದ ಆಳಿದ ಕದಂಬರ ಹೆಸರು ಹೊತ್ತ ಆ ನೆಲೆಯೂ, ವಿನಿಪೆಗ್‌ನ ಚಿಪ್ಪವಾ ಕೂಡ ಒಂದೇ ಬ್ರಿಟಿಷ್ ನಿಯಮದ ಮಕ್ಕಳು.

ಇನ್ನು ಮರುಹುಟ್ಟಿನ ಮಾತು. 1940ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಅಟ್ಲಾಂಟಿಕ್ಕಿನಲ್ಲಿ ವ್ಯಾಪಾರಿ ಹಡಗುಗಳನ್ನು ಹೆಚ್ಚೆಚ್ಚಾಗಿ ಮುಳುಗಿಸತೊಡಗಿದಾಗ, ಬೆಂಗಾವಲಿಗೆ ಕೈಗೆ ಸಿಕ್ಕಿದ್ದು ಕಾರ್ವೆಟ್. ತಿಮಿಂಗಿಲ ಬೇಟೆಯ ದೋಣಿಯ ಮಾದರಿಯಲ್ಲಿ ಕಟ್ಟಿದ, ಸುಮಾರು 62 ಮೀಟರ್ ಉದ್ದದ ಹಡಗು. ವೇಗ 16 ನಾಟ್. ನೀರಿನ ಮೇಲೆ ಬಂದ ಜಲಾಂತರ್ಗಾಮಿ 17ಕ್ಕೂ ಮೀರಿ ಓಡುತ್ತಿತ್ತು. ಬೆನ್ನಟ್ಟಬೇಕಾದವನೇ ಹಿಂದೆ ಬೀಳುತ್ತಿದ್ದ. ಅದಕ್ಕೆ ಮದ್ದಾಗಿ ಬಂದದ್ದು ರಿವರ್ ವರ್ಗ: ಸುಮಾರು 92 ಮೀಟರ್, ಎರಡು ಚಾಲಕ ಪಂಖಗಳು, 20 ನಾಟ್ ವೇಗ, ಸಾಗರ ದಾಟುವಷ್ಟು ಇಂಧನ. ಬ್ರಿಟಿಷರು ಇದನ್ನು 'ಜೋಡಿ ಪಂಖದ ಕಾರ್ವೆಟ್' ಎಂದಿದ್ದರು. ಇದಕ್ಕೆ 'ಫ್ರಿಗೇಟ್' ಎನ್ನೋಣವೆಂದು ಸೂಚಿಸಿದವನು ಕೆನಡಾ ನೌಕಾಪಡೆಯ ಮುಖ್ಯಸ್ಥ, ವೈಸ್ ಅಡ್ಮಿರಲ್ ಪರ್ಸಿ ನೆಲ್ಸ್. ಬ್ರಿಟನ್ ಒಪ್ಪಿಕೊಂಡಿತು. ಅಮೆರಿಕವೂ ತನ್ನ ಅಂಥ ಹಡಗುಗಳನ್ನು ಗಸ್ತು ಫ್ರಿಗೇಟ್ ಎಂದಿತು. ತನ್ನ ಹಡಗುಗಳಿಗೆ ಸಾಕಷ್ಟು ಸಲಕರಣೆ ಒದಗಿಸಲಿಲ್ಲವೆಂಬ ಟೀಕೆಗೆ ಗುರಿಯಾಗಿ ನೆಲ್ಸ್ 1944ರಲ್ಲಿ ಆ ಹುದ್ದೆ ಬಿಡಬೇಕಾಯಿತು. ಆ ಟೀಕೆಯಲ್ಲಿ ಹುರುಳಿತ್ತು. ಆದರೆ ಹೆಸರಿನ ವಿಷಯದಲ್ಲಿ ಅವನ ಕಿವಿ ಸೂಕ್ಷ್ಮವಾಗಿತ್ತೆಂದು ನಾನು ನಂಬುತ್ತೇನೆ. ಹಾಯಿ ಇರಲಿಲ್ಲ, ಫಿರಂಗಿಗಳ ಸಾಲು ಇರಲಿಲ್ಲ; ಆದರೆ ಬೆಂಗಾವಲು, ಹುಡುಕಾಟ, ದೂರದ ಒಂಟಿ ತಿರುಗಾಟ ಎಲ್ಲವೂ ಶಾನನ್ ಕಾಲದವೇ. ಕೆಲಸ ಮರಳಿತ್ತು, ನೆಲ್ಸ್ ಹೆಸರನ್ನೂ ಕರೆತಂದ.

ಯುದ್ಧ ಮುಗಿಯುವಷ್ಟರಲ್ಲಿ ಕೆನಡಾ ಇಂಥ 70 ಫ್ರಿಗೇಟುಗಳನ್ನು ಸೇವೆಗೆ ತಂದಿತ್ತು, ಅವುಗಳಲ್ಲಿ 60 ಅಲ್ಲಿಯೇ ಕಟ್ಟಿದವು. ಬ್ರಿಟಿಷರು ನದಿಗಳ ಹೆಸರಿಟ್ಟರೆ ಕೆನಡಿಯನ್ನರು ಹೆಚ್ಚಾಗಿ ತಮ್ಮ ಊರುಗಳ ಹೆಸರಿಟ್ಟರು; ಊರಿನವರು ತಮ್ಮ ಹೆಸರಿನ ಹಡಗಿಗೆ ಉಣ್ಣೆಯ ಬಟ್ಟೆ, ತಿನಿಸು ಕಳಿಸಿದರು. ಮೊದಲನೆಯದಾದ 'ವಾಸ್ಕೆಸಿಯು' 1944ರ ಫೆಬ್ರವರಿಯಲ್ಲಿ ಯು-257 ಜಲಾಂತರ್ಗಾಮಿಯನ್ನು ಮುಳುಗಿಸಿತು. ಅದೇ ವರ್ಷ ಮೇ 6-7ರ ನಡುವಣ ಇರುಳು, ಬೆಂಗಾವಲು ಮುಗಿಸಿ ಮರಳುತ್ತಿದ್ದ 'ವ್ಯಾಲಿಫೀಲ್ಡ್'ಗೆ ಟಾರ್ಪಿಡೊ ಬಡಿಯಿತು. 125 ಮಂದಿ ಹೋದರು. ತಣ್ಣನೆಯ ನೀರಿನಿಂದ ಬದುಕಿ ಬಂದವರು 38.

ಯುದ್ಧಾನಂತರ ಪದವನ್ನು ದಿಕ್ಕುದಿಕ್ಕಿಗೆ ಎಳೆದಾಡಿದರು. ಅಮೆರಿಕದ ನೌಕಾಪಡೆ ಡೆಸ್ಟ್ರಾಯರಿಗಿಂತ ದೊಡ್ಡ ಹಡಗುಗಳನ್ನು ಫ್ರಿಗೇಟ್ ಎಂದು ಕರೆದು, 1975ರಲ್ಲಿ ಮತ್ತೆ ಚಿಕ್ಕವಕ್ಕೆ ಆ ಹೆಸರು ಕೊಟ್ಟಿತು. ಕೆನಡಾದ 'ಸ್ಟಾರ್ಮಾಂಟ್' ಎಂಬ ಫ್ರಿಗೇಟನ್ನು ಗ್ರೀಕ್ ಕೋಟ್ಯಧಿಪತಿ ಒನಾಸಿಸ್ ಕೊಂಡು 'ಕ್ರಿಸ್ಟಿನಾ' ಎಂಬ ವಿಲಾಸನೌಕೆ ಮಾಡಿಕೊಂಡ. ಅದೇ ರಿವರ್ ವರ್ಗದ ಬ್ರಿಟಿಷ್ ಹಡಗೊಂದು 'ತೀರ್' ಎಂಬ ಹೆಸರಿನಲ್ಲಿ ಭಾರತದ ನೌಕಾಪಡೆಗೆ ಬಂತು. ಕೆನಡಾ 1992ರಿಂದ 1996ರವರೆಗೆ ಹ್ಯಾಲಿಫ್ಯಾಕ್ಸ್ ವರ್ಗದ 12 ಫ್ರಿಗೇಟುಗಳನ್ನು ಸೇವೆಗೆ ತಂದಿತು. ಅವಕ್ಕೂ ಊರುಗಳದೇ ಹೆಸರು, ಸಮುದ್ರವಿಲ್ಲದ ರಿಜೈನಾ, ಕ್ಯಾಲ್ಗರಿಗಳೂ ಸೇರಿ.

ಈಗ ಅವುಗಳ ಜಾಗಕ್ಕೆ ಬ್ರಿಟನ್ನಿನ ಟೈಪ್ 26 ಫ್ರಿಗೇಟಿನ ವಿನ್ಯಾಸದ ಹಡಗುಗಳು ಬರಲಿವೆ. ಬ್ರಿಟನ್ ಅದನ್ನು ಫ್ರಿಗೇಟ್ ಎನ್ನುತ್ತದೆ, ಆಸ್ಟ್ರೇಲಿಯವೂ ತನ್ನದನ್ನು ಹಾಗೆಯೇ ಕರೆಯುತ್ತದೆ. ಕೆನಡಾ ಮಾತ್ರ 2024ರ ಜೂನ್‌ನಲ್ಲಿ ಅವನ್ನು 'ರಿವರ್ ವರ್ಗದ ಡೆಸ್ಟ್ರಾಯರ್' ಎಂದು ಘೋಷಿಸಿತು. ಮೊದಲ ಮೂರರ ಹೆಸರು ಫ್ರೇಸರ್, ಸೇಂಟ್ ಲಾರೆಂಟ್, ಮೆಕೆಂಜಿ. ಇದಕ್ಕೂ ಹಿನ್ನೆಲೆಯಿದೆ. ಎರಡನೆಯ ಮಹಾಯುದ್ಧದ ಮೊದಲಿನ ಕೆನಡಾ ಡೆಸ್ಟ್ರಾಯರುಗಳಿಗೆ ನದಿಗಳ ಹೆಸರಿತ್ತು, 1940ರ ಜೂನ್‌ನಲ್ಲಿ ಫ್ರಾನ್ಸಿನ ಕರಾವಳಿಯಲ್ಲಿ ಡಿಕ್ಕಿಯಾಗಿ ಮುಳುಗಿದ ಫ್ರೇಸರ್ ಅವುಗಳಲ್ಲೊಂದು. ಆ ನೆನಪಿಗೆ ಗೌರವ ಸಲ್ಲಬೇಕೆಂಬುದನ್ನು ನಾನು ಒಪ್ಪುತ್ತೇನೆ. ಹೊಸ ಹಡಗು ದೊಡ್ಡದು, ಆಕಾಶದಿಂದ ಬರುವ ದಾಳಿಯನ್ನೂ ದೂರದಿಂದಲೇ ತಡೆಯಬಲ್ಲದು ಎಂಬುದೂ ನಿಜ. ಆದರೂ ನೆಲ್ಸ್ ಎತ್ತಿ ತಂದು ಜಗತ್ತಿನ ನೌಕಾಪಡೆಗಳಿಗೆಲ್ಲ ಹಿಂದಿರುಗಿಸಿದ ಪದವನ್ನು ಅವನ ದೇಶವೇ ತನ್ನ ಹೊಸ ಹಡಗುಗಳ ಮೇಲಿಂದ ಒರೆಸುವುದು ಸರಿಯೆನಿಸುವುದಿಲ್ಲ. ಫ್ರೇಸರ್ ಎಂಬ ಹೆಸರನ್ನು ಒಂದು ಫ್ರಿಗೇಟೂ ಹೊರಬಹುದಿತ್ತು.