ಕಾರು ಸರ್ವಿಸ್‌ನ ತಪ್ಪು: ಗ್ಯಾರೇಜಿನ ಜಗಳದಿಂದ ಗ್ರಾಹಕ ಆಯೋಗದವರೆಗೆ

ಒಂದು ಕಾಲಕ್ಕೆ ಕಾರು ಅಂದರೆ ಅಂಬಾಸಿಡರ್, ಇಲ್ಲವೇ ಫಿಯೆಟ್. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಇಂಜಿನ್ ಬಿಚ್ಚುವಾಗ ಮಾಲೀಕ ಪಕ್ಕದಲ್ಲೇ ನಿಂತಿರುತ್ತಿದ್ದ. ತಪ್ಪಾದರೆ ಕಣ್ಣಿಗೆ ಬೀಳುತ್ತಿತ್ತು, ಜಗಳವೂ ಅಲ್ಲೇ ಮುಗಿಯುತ್ತಿತ್ತು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಮುಂದೆ ಕಂಪನಿ ಸರ್ವಿಸ್ ಸೆಂಟರ್‌ಗಳು ಊರೂರಿಗೆ ಹಬ್ಬಿದವು. ಈಗ ಕಲಘಟಗಿ, ಕುಂದಗೋಳದಿಂದ ಹುಬ್ಬಳ್ಳಿಗೆ ಕಾರು ತಂದವರು ಚಾವಿ ಕೊಟ್ಟು ಹೊರಗೆ ಕೂರುತ್ತಾರೆ. ಒಳಗೆ ಆಯಿಲ್ ಇಳಿಸಿದ ಬೋಲ್ಟ್ ಸಡಿಲ ಉಳಿದರೆ ಆಯಿಲ್ ಸೋರಿ ಇಂಜಿನ್ ಜಾಮ್ ಆಗಬಹುದು. ಗಾಲಿಯ ನಟ್ ಬಿಗಿಯದಿದ್ದರೆ ಜೀವಕ್ಕೇ ಅಪಾಯ. ಗೊತ್ತಾಗುವುದು ಮಾತ್ರ ಊರಿನ ದಾರಿಯಲ್ಲಿ.

ಇಂಥ ದೂರಿಗೆ ದಾರಿ ಮಾಡಿದ್ದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದುಡ್ಡು ಕೊಟ್ಟು ಮಾಡಿಸಿದ ಕೆಲಸ ಕೆಟ್ಟರೆ ಅದು ‘ಸೇವಾ ನ್ಯೂನತೆ’. ಜಿಲ್ಲೆಯಲ್ಲೇ ಪರಿಹಾರ ಕೇಳಬಹುದು ಎಂದಿತು. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಇನ್ನೂ ಹತ್ತಿರ ತಂದಿತು. ಸರ್ವಿಸ್ ಬೆಂಗಳೂರಿನಲ್ಲಿ ಆಗಿದ್ದರೂ ನಮ್ಮ ಜಿಲ್ಲೆಯವರು ಧಾರವಾಡದ ಆಯೋಗಕ್ಕೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ಗಡುವು 2 ವರ್ಷ.

ಆದರೆ ಆಯೋಗಕ್ಕೆ ಸಾಕ್ಷಿ ಬೇಕು. ಬಾಯಿಮಾತು ಸಾಲದು. ಚಾವಿ ಕೊಡುವ ಮೊದಲು ನೀವು ಹೇಳಿದ ದೋಷ, ಓಡಿದ ಕಿಲೋಮೀಟರ್ ಎಲ್ಲ ಜಾಬ್ ಕಾರ್ಡಿನಲ್ಲಿ ಬರೆಸಿ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಬಿಲ್ ಬಂದಾಗ ಎರಡನ್ನೂ ತಾಳೆ ನೋಡಿ, ಆಯಿಲ್ ಮಟ್ಟ ಪರೀಕ್ಷಿಸಿ, ಆಮೇಲೆ ಊರಿಗೆ ಹೊರಡಿ.